ವಿಮಾನ ನೆಲದಲ್ಲಿದ್ದ ಇಪ್ಪತ್ತೈದು ನಿಮಿಷ

2005ರಲ್ಲಿ ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕೆ ಸೇರಿದೆ. ಊರಿಗೆ ಫೋನ್ ಮಾಡಿದಾಗ ಅಪ್ಪ ಕೇಳಿದ್ದು ಒಂದೇ ಮಾತು: "ನಮ್ಮ ಗೊರೂರಿನ ಗೋಪಿನಾಥ್ ಕಂಪನಿನಾ?"

ಅಲ್ಲ. ನಾನು ಸೇರಿದ್ದು ಗ್ರೌಂಡ್ ಹ್ಯಾಂಡ್ಲಿಂಗ್ ಮಾಡುವ ಒಂದು ಗುತ್ತಿಗೆ ಕಂಪನಿ. ಬೇರೆ ಬೇರೆ ಏರ್‌ಲೈನ್‌ಗಳ ವಿಮಾನ ಬಂದು ನಿಂತಾಗ ಬ್ಯಾಗು ಇಳಿಸುವುದು, ಏರಿಸುವುದು, ಏಣಿ ಹಚ್ಚುವುದು, ಹೊತ್ತಿಗೆ ಸರಿಯಾಗಿ ಕಳಿಸಿಕೊಡುವುದು ನಮ್ಮ ಕೆಲಸ. ಆದರೂ ಅಪ್ಪ ಕೇಳಿದ್ದರಲ್ಲಿ ತಪ್ಪೇನಿಲ್ಲ. ಹಾಸನ ಜಿಲ್ಲೆಯವರಿಗೆ ಆಗ ವಿಮಾನ ಅಂದರೆ ಕ್ಯಾಪ್ಟನ್ ಗೋಪಿನಾಥ್, ಅವರ ಕಡಿಮೆ ದರದ ವಿಮಾನ ಕಂಪನಿ ಏರ್ ಡೆಕ್ಕನ್.

ಅಪ್ಪನಿಗೆ ಅವರ ಕಥೆ ಮೊದಲಿಂದಲೂ ಗೊತ್ತಿತ್ತು. ಗೊರೂರಿನ ಹುಡುಗ, ವಿಜಯಪುರದ ಸೈನಿಕ ಶಾಲೆಯಲ್ಲಿ ಓದಿ ಸೈನ್ಯ ಸೇರಿದವರು. 1971ರ ಯುದ್ಧದಲ್ಲಿದ್ದರು. ಇಪ್ಪತ್ತೆಂಟರ ಆಸುಪಾಸಿನಲ್ಲೇ ಸೈನ್ಯ ಬಿಟ್ಟು ಊರಿಗೆ ಬಂದರು. ಅಷ್ಟರಲ್ಲಿ ಹೇಮಾವತಿ ಅಣೆಕಟ್ಟಿನಿಂದ ಮನೆಯ ಜಮೀನು ಮುಳುಗಡೆ. ಅದಕ್ಕೆ ಬದಲಾಗಿ ಸಿಕ್ಕಿದ್ದು ಜಾವಗಲ್ ಕಡೆಯ ಬಂಜರು ನೆಲ. ಅಲ್ಲೇ ಟೆಂಟ್ ಹಾಕಿಕೊಂಡು ಬೇಸಾಯ ಶುರು ಮಾಡಿದರು. "ಯಾರೋ ಮಿಲಿಟರಿಯವರಂತೆ, ಆ ಕಲ್ಲು ನೆಲದಲ್ಲಿ ತೆಂಗು ಹಾಕ್ತಾರಂತೆ" ಎಂದು ಆಗ ಜನ ಮಾತಾಡಿಕೊಳ್ಳುತ್ತಿದ್ದರು ಎಂದು ಅಪ್ಪ ಹೇಳುತ್ತಿದ್ದರು. ತೆಂಗಾಯಿತು, ಹೈನಾಯಿತು, ಕೋಳಿಯಾಯಿತು, ರೇಷ್ಮೆಯಾಯಿತು. ಹಾಸನದಲ್ಲಿ ಎನ್‌ಫೀಲ್ಡ್ ಬೈಕಿನ ಡೀಲರ್‌ಶಿಪ್ ಕೂಡ ನಡೆಸಿದರು. ರಾಸಾಯನಿಕ ಗೊಬ್ಬರ, ಔಷಧಿ ಬಿಟ್ಟು ರೇಷ್ಮೆ ಬೆಳೆದ ಕೆಲಸಕ್ಕೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಮರುವರ್ಷ ಸೈನ್ಯದ ಗೆಳೆಯ ಕ್ಯಾಪ್ಟನ್ ಸ್ಯಾಮ್ಯುಯೆಲ್ ಜೊತೆ ಜಕ್ಕೂರಿನಿಂದ ಹೆಲಿಕಾಪ್ಟರ್ ಬಾಡಿಗೆಗೆ ಕೊಡುವ ಡೆಕ್ಕನ್ ಏವಿಯೇಷನ್ ನಡೆಯತೊಡಗಿತು. 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಶುರುವಾಯಿತು. ಮೊದಮೊದಲು ಹಾರಿದ್ದರಲ್ಲಿ ಒಂದು ಬೆಂಗಳೂರಿನಿಂದ ಹುಬ್ಬಳ್ಳಿಗೆ, 48 ಸೀಟಿನ ಎಟಿಆರ್ ವಿಮಾನದಲ್ಲಿ.

ನಾನು ಅವರನ್ನು ಭೇಟಿಯಾದವನಲ್ಲ. ಆದರೆ ಅವರು ಏನು ಮಾಡಿದರು ಅನ್ನುವುದು ನನಗೆ ಅರ್ಥವಾಗಿದ್ದು ಪೇಪರ್ ಓದಿ ಅಲ್ಲ, ವಿಮಾನದ ಹೊಟ್ಟೆಯ ಕೆಳಗೆ ನಿಂತು ಬ್ಯಾಗು ಎಣಿಸಿ. ಏರ್ ಡೆಕ್ಕನ್ ಕೊಟ್ಟ ಒಂದು ರೂಪಾಯಿ ಟಿಕೆಟ್ ಅಂದರೆ ಎಲ್ಲರೂ ಜಾಹೀರಾತಿನ ಮಾತು ಆಡುತ್ತಾರೆ. ಅದು ಕೆಲವೇ ಸೀಟಿಗೆ, ತೆರಿಗೆ ಬೇರೆ. ಸೀಟು ತುಂಬುತ್ತಾ ಹೋದಂತೆ ದರ ಏರುತ್ತಾ ಹೋಗುತ್ತದೆ. ಇದೆಲ್ಲ ನಿಜ. ಆದರೆ ಒಟ್ಟಾರೆ ಟಿಕೆಟ್ ಅಗ್ಗವಾಗುವುದು ನಾವು ನಿಂತಿರುತ್ತಿದ್ದ ಆ ಸಿಮೆಂಟ್ ನೆಲದ ಮೇಲೆ.

ಸುಮ್ನೆ ಒಂದು ಲೆಕ್ಕ ಹಾಕಿ. ಒಂದು ಗಂಟೆಯ ಹಾರಾಟ. ಇಳಿದ ವಿಮಾನ ಮತ್ತೆ ಹೊರಡಲು 30 ನಿಮಿಷ ತೆಗೆದುಕೊಂಡರೆ ಬೆಳಗ್ಗೆ ಆರರಿಂದ ಸಂಜೆ ಏಳೂವರೆಯೊಳಗೆ 9 ಟ್ರಿಪ್ ಆಗುತ್ತದೆ. 50 ನಿಮಿಷ ತೆಗೆದುಕೊಂಡರೆ 7. ಏರ್‌ಬಸ್ ಎ320ಯಲ್ಲಿ 180 ಸೀಟು. ಅಂದರೆ ದಿನಕ್ಕೆ 360 ಸೀಟು ಹೋಯಿತು. ವಿಮಾನದ ಬಾಡಿಗೆ ಮಾತ್ರ ತಿಂಗಳ ಲೆಕ್ಕ, ಹಾರಿದರೂ ಕಟ್ಟಬೇಕು, ನಿಂತರೂ ಕಟ್ಟಬೇಕು. ಕಡಿಮೆ ದರದ ಕಂಪನಿ ಉಳಿಯುವುದೋ ಮುಳುಗುವುದೋ ಆ 20 ನಿಮಿಷದಲ್ಲಿದೆ.

ನಮ್ಮ ಸೂಪರ್‌ವೈಸರ್ ಕುಂದಾಪುರದ ಕಡೆಯವರು. ನಾವೆಲ್ಲ ಅಣ್ಣ ಎಂದೇ ಕರೆಯುತ್ತಿದ್ದೆವು. ಅವರು ನನಗೆ ಮೊದಲು ಕಲಿಸಿದ್ದು ಬ್ಯಾಗು ಎತ್ತುವುದನ್ನಲ್ಲ, ನಿಂತು ನೋಡುವುದನ್ನು. ಎ320 ಬಂದು ನಿಂತು, ಇಂಜಿನ್ ಆರಿ, ಹೊಟ್ಟೆಯ ಕೆಳಗಿನ ಕೆಂಪು ದೀಪ ಆರುವವರೆಗೆ ಯಾರೂ ಹತ್ತಿರ ಹೋಗುವಂತಿಲ್ಲ. ದೀಪ ಆರಿದ ಕ್ಷಣ ಎಲ್ಲ ಒಟ್ಟಿಗೆ ಆಗಬೇಕು. ಚಕ್ರ ಉರುಳದಂತೆ ಅಡ್ಡ ಇಡುವ ಚಾಕ್ ಅನ್ನುವ ತಡೆ, ರೆಕ್ಕೆಯ ತುದಿಗೆ ಕೋನ್, ಎಡಗಡೆ ಮುಂದಿನ ಬಾಗಿಲಿಗೊಂದು ಏಣಿ, ಹಿಂದಿನದಕ್ಕೊಂದು ಏಣಿ. ಜನ ಇಳಿಯುವುದು ಎಡಗಡೆ, ಬ್ಯಾಗಿನ ಬಾಗಿಲಿರುವುದು ಬಲಗಡೆ. ಹಾಗಾಗಿ ಎರಡೂ ಕೆಲಸ ಒಂದಕ್ಕೊಂದು ಅಡ್ಡ ಬರುವುದಿಲ್ಲ. ಒಳಗೆ ಗಗನಸಖಿಯರೇ ಕಸ ಹೆಕ್ಕುತ್ತಾರೆ. ಪುಕ್ಕಟೆ ಊಟ ಇಲ್ಲವಾದ್ದರಿಂದ ಪ್ರತಿ ಸಲ ಊಟದ ಗಾಡಿ ಬಂದು ನಿಲ್ಲುವ ರಗಳೆ ಇಲ್ಲ. ಊಟ ಕೊಡದಿದ್ದರೆ ಊಟದ ದುಡ್ಡು ಉಳಿಯುತ್ತದೆ ಅಂತ ಎಲ್ಲರಿಗೂ ಗೊತ್ತು. ಜೊತೆಗೆ ಹತ್ತು ನಿಮಿಷವೂ ಉಳಿಯುತ್ತದೆ ಅನ್ನುವುದು ನಮಗೆ ಗೊತ್ತು.

ನನಗೆ ಜಾಸ್ತಿ ಪ್ರೀತಿ ಎಟಿಆರ್ ಮೇಲೆ. ಇದು ಸಣ್ಣ ಊರಿಗಾಗಿಯೇ ಹುಟ್ಟಿದ ವಿಮಾನ. ಹಿಂದಿನ ಬಾಗಿಲಲ್ಲೇ ಮೆಟ್ಟಿಲು ಇದೆ, ಏಣಿ ಬೇಡ. ಇನ್ನೊಂದು ವಿಶೇಷ ಇದೆ. ಬಲಗಡೆಯ ಇಂಜಿನ್ ಓಡುತ್ತಿರುವಾಗಲೇ ಅದರ ಪ್ರೊಪೆಲ್ಲರ್‌ಗೆ ಬ್ರೇಕ್ ಹಾಕಿ ನಿಲ್ಲಿಸಬಹುದು. ಇದಕ್ಕೆ ಹೋಟೆಲ್ ಮೋಡ್ ಅನ್ನುತ್ತಾರೆ. ಮೊದಲ ಸಲ ನೋಡಿದಾಗ ನನಗೆ ಆಶ್ಚರ್ಯವಾಗಿತ್ತು. ಇಂಜಿನ್ ಸಿಳ್ಳೆ ಹಾಕುತ್ತಿದೆ, ಪ್ರೊಪೆಲ್ಲರ್ ಮಾತ್ರ ಅಲ್ಲಾಡದೆ ನಿಂತಿದೆ! ಒಳಗಿನ ದೀಪಕ್ಕೆ, ತಂಪಿಗೆ ಬೇಕಾದ ಕರೆಂಟು ಆ ಇಂಜಿನ್‌ನಿಂದಲೇ ಬರುತ್ತದೆ. ಹಾಗಾಗಿ ಕರೆಂಟು ಕೊಡುವ ಗಾಡಿ ಇಲ್ಲದ ನಿಲ್ದಾಣದಲ್ಲೂ ಇಳಿಯಬಹುದು. ವಾಪಸ್ ಬರುವ ಇಂಧನವನ್ನು ಬೆಂಗಳೂರಿನಲ್ಲೇ ತುಂಬಿಕೊಂಡು ಹೋದರೆ ಅಲ್ಲಿ ಟ್ಯಾಂಕರ್‌ಗೂ ಕಾಯಬೇಕಿಲ್ಲ. 80ಕ್ಕಿಂತ ಕಡಿಮೆ ಸೀಟಿನ ವಿಮಾನಕ್ಕೆ ಸರ್ಕಾರ ಲ್ಯಾಂಡಿಂಗ್ ಶುಲ್ಕವನ್ನೂ ಬಿಟ್ಟಿತ್ತು. ಹುಬ್ಬಳ್ಳಿಯಂಥ ಊರಿಗೆ ದೊಡ್ಡ ಜೆಟ್ ಬಿಟ್ಟು ಎಟಿಆರ್ ಆರಿಸಿಕೊಂಡದ್ದರ ಹಿಂದೆ ಇಂಥ ಲೆಕ್ಕಗಳಿವೆ. ಬಂಜರು ನೆಲದಲ್ಲಿ ಒಂದೊಂದು ಕೊಡ ನೀರಿಗೂ ಲೆಕ್ಕ ಇಟ್ಟು ತೆಂಗು ಉಳಿಸಿಕೊಂಡ ಮನುಷ್ಯನಿಗೆ ಇದು ಹೊಳೆದದ್ದರಲ್ಲಿ ನನಗೇನೂ ಆಶ್ಚರ್ಯವಿಲ್ಲ.

ಈಗ ನನ್ನ ತಪ್ಪಿನ ವಿಷಯ ಹೇಳಬೇಕು. ಈ ಕೆಲಸ ನನಗೆ ನಿಜವಾಗಿ ಬಂದದ್ದೇ ಆ ದಿನದಿಂದ.

ಎರಡನೇ ವರ್ಷ. ಬೆಳಗಿನ ಎಟಿಆರ್. ಎಟಿಆರ್‌ನಲ್ಲಿ ಮುಂದೊಂದು, ಹಿಂದೊಂದು ಬ್ಯಾಗಿನ ಜಾಗ ಇದೆ. ಮುಂದೆ ಎಷ್ಟು, ಹಿಂದೆ ಎಷ್ಟು ಅನ್ನುವುದನ್ನು ಲೋಡ್‌ಶೀಟ್‌ನಲ್ಲಿ ಬರೆದು ಪೈಲಟ್‌ಗೆ ಕೊಡುತ್ತಾರೆ. ವಿಮಾನದ ತೂಕ ಎಲ್ಲಿ ಕೂರುತ್ತದೆ ಅನ್ನುವುದು ಅದರ ಮೇಲೆ ನಿಂತಿದೆ. ಅವತ್ತು ಮಳೆ ಹನಿಯುತ್ತಿತ್ತು. ಟ್ರಾಲಿ ಹಿಂದಿನ ಬಾಗಿಲ ಪಕ್ಕವೇ ಬಂದು ನಿಂತಿತ್ತು. ಲೋಡರ್ ಹುಡುಗ, "ಸಾರ್, ಎಲ್ಲಾ ಹಿಂದೇನೇ ಹಾಕ್ಬಿಡೋಣ, ಬೇಗ ಆಗುತ್ತೆ" ಅಂದ. ನನ್ನ ಕಣ್ಣು ವಾಚಿನ ಮೇಲಿತ್ತು. ಹೂಂ ಅಂದೆ. ಬಾಗಿಲು ಹಾಕುವ ಹೊತ್ತಿಗೆ ಕೈಯಲ್ಲಿದ್ದ ಶೀಟ್ ನೋಡಿದೆ. ಮುಂದೆ 18 ಎಂದು ಬರೆದಿದೆ. ಮುಂದೆ ಒಂದೂ ಇಲ್ಲ.

ಮೈಯೆಲ್ಲ ತಣ್ಣಗಾಯಿತು. ಓಡಿ ಹೋಗಿ ಕ್ಯಾಪ್ಟನ್‌ಗೆ ಹೇಳಿದೆ. ಅವರು ಬೈಯಲಿಲ್ಲ. "ಹೇಳಿದ್ದು ಒಳ್ಳೇದಾಯ್ತು. ಇಳಿಸಿ, ಸರಿಯಾಗಿ ಹಾಕಿ" ಅಂದರು ಅಷ್ಟೆ. 25 ನಿಮಿಷ ಹೋಯಿತು.

ಬೆಳಗ್ಗೆ ಹೋದ 25 ನಿಮಿಷ ಸಂಜೆವರೆಗೆ ಹಾಗೇ ಉಳಿಯುವುದಿಲ್ಲ, ಬೆಳೆಯುತ್ತದೆ. ತಡವಾಗಿ ಹೋದ ವಿಮಾನಕ್ಕೆ ಮುಂದಿನ ನಿಲ್ದಾಣದಲ್ಲಿ ಜಾಗ ಇಲ್ಲ, ಕಾಯಬೇಕು. ಅಲ್ಲಿಂದ ಬರುವಾಗ ಮೇಲೆ ಸುತ್ತು ಹೊಡೆಯಬೇಕು. ಆ ದಿನದ ಕೊನೆಯ ಟ್ರಿಪ್ ರಾತ್ರಿ ಇಳಿಯಲು ರನ್‌ವೇ ದೀಪವಿಲ್ಲದ ಒಂದು ಸಣ್ಣ ಊರಿಗೆ. ಕತ್ತಲಾಗುವುದರೊಳಗೆ ಮುಟ್ಟಲು ಆಗುವುದಿಲ್ಲ ಎಂದು ಗೊತ್ತಾಯಿತು. ಟ್ರಿಪ್ ರದ್ದಾಯಿತು.

ಕಾಯುತ್ತಿದ್ದವರಲ್ಲಿ ಒಬ್ಬರು ಅಜ್ಜ. ಬಿಳಿ ಪಂಚೆ, ತೊಡೆಯ ಮೇಲೆ ದಾರ ಸುತ್ತಿದ ಸಿಹಿ ಡಬ್ಬ. ಮಾರನೇ ದಿನ ಮಗಳ ಸೀಮಂತ. ಅವರಿಗೆ ಅದೇ ಮೊದಲ ವಿಮಾನ. ನನ್ನ ಜಾಕೆಟ್ ನೋಡಿ ಕೇಳಿದರು, "ಯಾಕಪ್ಪಾ, ಈಗ ಮಳೆನೂ ಇಲ್ಲ, ಗಾಳಿನೂ ಇಲ್ಲ. ಯಾಕೆ ಹೋಗಲ್ವಂತೆ?" ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಬೆಳಗ್ಗೆ ನನ್ನಿಂದ ಒಂದು ತಪ್ಪಾಯ್ತು ಅಜ್ಜಾ" ಅಂದೆ. ಅವರಿಗೆ ಎಷ್ಟು ಅರ್ಥವಾಯಿತೋ ಏನೋ. ಡಬ್ಬ ಎತ್ತಿಕೊಂಡು ರಾತ್ರಿ ಬಸ್ಸಿಗೆ ಮೆಜೆಸ್ಟಿಕ್‌ಗೆ ಹೊರಟರು. ಆಟೋ ಹತ್ತಿಸಿ ಬಂದೆ.

ಮಾರನೇ ದಿನ ಜೇಬಲ್ಲಿ ಚಾಕ್‌ಪೀಸ್ ಇಟ್ಟುಕೊಂಡು ಹೋದೆ. ಬ್ಯಾಗು ಬೆಲ್ಟಿನಿಂದ ಬರುವಾಗಲೇ ಎರಡು ಟ್ರಾಲಿ ಮಾಡಿಸಿ, ಒಂದರ ಮೇಲೆ 'ಮುಂ', ಇನ್ನೊಂದರ ಮೇಲೆ 'ಹಿಂ' ಎಂದು ಬರೆದೆ. ವಿಮಾನದ ಹತ್ತಿರ ಯೋಚನೆಗೇ ಜಾಗ ಇರಬಾರದು, ಯೋಚನೆಯೆಲ್ಲ ವಿಮಾನ ಬರುವ ಮುಂಚೆಯೇ ಮುಗಿದಿರಬೇಕು. ಹಿಂದಿನ ನಿಲ್ದಾಣಕ್ಕೆ ಫೋನ್ ಮಾಡಿ ಎಷ್ಟು ಬ್ಯಾಗು, ಎಷ್ಟು ವೀಲ್‌ಚೇರ್ ಎಂದು ಮೊದಲೇ ಕೇಳಿಕೊಳ್ಳುತ್ತಿದ್ದೆ. ವೀಲ್‌ಚೇರ್ ಬಂದು ನಿಂತಿಲ್ಲದಿದ್ದರೆ ಕೊನೆಯ ಒಬ್ಬರಿಗಾಗಿ ಎಲ್ಲರೂ ಕಾಯಬೇಕಾಗುತ್ತದೆ. ಹುಡುಗರಿಗೆ ಓಡಬೇಡಿ ಎಂದು ಹೇಳುತ್ತಿದ್ದೆ. ಓಡುವವನು ಎಡವುತ್ತಾನೆ, ಬ್ಯಾಗು ಬಿಸಾಕುತ್ತಾನೆ. ನಡೆದುಕೊಂಡೇ ಹೋಗಿ, ಆದರೆ ಖಾಲಿ ಕೈಯಲ್ಲಿ ವಾಪಸ್ ಬರಬೇಡಿ ಅನ್ನುತ್ತಿದ್ದೆ. ಮೂರು ತಿಂಗಳಲ್ಲಿ ನಮ್ಮ ಶಿಫ್ಟಿನ ಎಟಿಆರ್‌ಗಳು 25 ನಿಮಿಷದೊಳಗೆ ಹೊರಡತೊಡಗಿದವು. ಅಣ್ಣ ಏನೂ ಹೇಳಲಿಲ್ಲ. ಒಂದು ದಿನ ಅವರ ಜೇಬಲ್ಲೂ ಚಾಕ್‌ಪೀಸ್ ಕಂಡಿತು.

ಏರ್ ಡೆಕ್ಕನ್ ಯಾಕೆ ಉಳಿಯಲಿಲ್ಲ ಎಂದು ನನ್ನನ್ನು ತುಂಬಾ ಜನ ಕೇಳಿದ್ದಾರೆ. ನನ್ನ ಅಭಿಪ್ರಾಯ ನೆಲದ ಮೇಲಿಂದ ಕಂಡದ್ದು. ನಾಲ್ಕು ವರ್ಷದಲ್ಲಿ 60ಕ್ಕೂ ಜಾಸ್ತಿ ಊರಿಗೆ ವಿಮಾನ ಬಿಟ್ಟರು. ಒಂದು ಊರಿಗೆ ವಿಮಾನ ಬಿಡುವುದು ಅಂದರೆ ಅಲ್ಲಿಗೆ ಏಣಿ, ಟ್ರಾಲಿ, ಇಂಜಿನಿಯರ್, ಪಳಗಿದ ಹುಡುಗರು ಎಲ್ಲ ಹೋಗಬೇಕು. ವಿಮಾನ ದುಡ್ಡು ಕೊಟ್ಟರೆ ಬರುತ್ತದೆ, ಪಳಗಿದ ಕೈ ಅಷ್ಟು ಬೇಗ ಬರುವುದಿಲ್ಲ. ಎಟಿಆರ್ ಒಂದು ಕಡೆ, ಏರ್‌ಬಸ್ ಇನ್ನೊಂದು ಕಡೆ ಎಂದು ಎರಡು ಬಗೆಯ ವಿಮಾನ ಇದ್ದರೆ ಪೈಲಟ್, ಬಿಡಿಭಾಗ, ತರಬೇತಿ ಎಲ್ಲವೂ ಎರಡೆರಡು. 2006ರಲ್ಲಿ ಬಂದ ಇಂಡಿಗೋ ಹತ್ತು ವರ್ಷಕ್ಕೂ ಹೆಚ್ಚು ಕಾಲ ಎ320 ಒಂದನ್ನೇ ನಂಬಿತು. ಎಟಿಆರ್ ತಂದದ್ದು 2017ರಲ್ಲಿ. ಜೊತೆಗೆ 2005ರ ನಂತರ ಒಂದರ ಹಿಂದೊಂದು ಕಂಪನಿ ಬಂದವು, ಇಂಧನದ ಬೆಲೆ ಏರಿತು. 2007ರಲ್ಲಿ ಕಿಂಗ್‌ಫಿಷರ್ ಡೆಕ್ಕನ್‌ನಲ್ಲಿ ಪಾಲು ಕೊಂಡಿತು. ವಿದೇಶಕ್ಕೆ ಹಾರಲು ಐದು ವರ್ಷದ ಅನುಭವ, 20 ವಿಮಾನ ಇರಬೇಕು ಎಂಬ ನಿಯಮ ಆಗ ಇತ್ತು. ಡೆಕ್ಕನ್‌ಗೆ ಐದು ವರ್ಷ ತುಂಬುತ್ತಾ ಬಂದಿತ್ತು, ಕಿಂಗ್‌ಫಿಷರ್‌ಗೆ ಇನ್ನೂ ಆಗಿರಲಿಲ್ಲ. 2008ರಲ್ಲಿ ಹೆಸರು ಕಿಂಗ್‌ಫಿಷರ್ ರೆಡ್ ಆಯಿತು. ಆರ್.ಕೆ. ಲಕ್ಷ್ಮಣ್ ಅವರ ಕಾಮನ್ ಮ್ಯಾನ್ ಡೆಕ್ಕನ್‌ನ ಗುರುತಾಗಿದ್ದ. ಆ ಅಜ್ಜನಂಥ ಪಂಚೆ ಉಟ್ಟ ಮನುಷ್ಯ ವಿಮಾನದಿಂದ ಮರೆಯಾದ ದಿನ ನನಗೆ ಬಹಳ ಬೇಜಾರಾಯಿತು. ಬೇರೆ ಕಂಪನಿಯ ಕೆಲಸಗಾರ ನಾನು, ಆದರೂ.

ಗೋಪಿನಾಥ್ ಆಮೇಲೂ ಸುಮ್ಮನೆ ಕೂರಲಿಲ್ಲ. ಸರಕು ಸಾಗಣೆಗೆ ಡೆಕ್ಕನ್ 360 ಮಾಡಿದರು, ಅದೂ ಉಳಿಯಲಿಲ್ಲ. 2017ರಲ್ಲಿ ಸಣ್ಣ ಊರುಗಳಿಗೆ ವಿಮಾನ ಬಿಡುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಡಿ ಏರ್ ಡೆಕ್ಕನ್ ಹೆಸರು ಮತ್ತೆ ಹಾರಿತು, 2020ರಲ್ಲಿ ನಿಂತಿತು.

ನಾನು 2008ರಲ್ಲಿ ದೇವನಹಳ್ಳಿಗೆ ಬಂದೆ. ಈಗ ಹೊಸ ಹುಡುಗರಿಗೆ ಕೆಲಸ ಕಲಿಸುತ್ತೇನೆ. ಕಲಬುರಗಿ, ಶಿವಮೊಗ್ಗ ಕಡೆಯಿಂದ ಬರುವ ಹುಡುಗರು ತಮ್ಮ ಊರಿಗೂ ವಿಮಾನ ಬಂದಿದೆ ಎಂದು ಹೆಮ್ಮೆಯಿಂದ ಹೇಳುತ್ತಾರೆ. ನಮ್ಮ ಹಾಸನದ ಬೂವನಹಳ್ಳಿಯ ವಿಮಾನ ನಿಲ್ದಾಣದ ಮಾತು ಎಷ್ಟೋ ವರ್ಷದಿಂದ ಕೇಳುತ್ತಾ ಬಂದಿದ್ದೇವೆ. ಊರಿಗೆ ಹೋದಾಗಲೆಲ್ಲ ಅಪ್ಪನನ್ನು ಬೈಕಿನಲ್ಲಿ ಕೂರಿಸಿಕೊಂಡು ಆ ಕಡೆ ಒಂದು ಸುತ್ತು ಹೋಗಿ ಬರುತ್ತೇನೆ. ಅಲ್ಲಿ ಮೊದಲ ಎಟಿಆರ್ ಇಳಿಯುವ ದಿನ ಒಂದೇ ದಿನದ ಮಟ್ಟಿಗಾದರೂ ನನ್ನನ್ನು ಕಳಿಸಿ, ಚಾಕ್ ನಾನೇ ಇಡುತ್ತೇನೆ ಎಂದು ಮೇಲಿನವರಿಗೆ ಈಗಲೇ ಹೇಳಿಟ್ಟಿದ್ದೇನೆ.