ಮಳೆಗಾಲದ ಶಿರಸಿಯಲ್ಲಿ ಕೂತು ಡೆವಲಪರ್ ಕಾನ್ಫರೆನ್ಸ್ ನೋಡೋದು ಹೇಗೆ?

ಆ್ಯಪ್ ಬರೆಯೋರಿಗೆ ಹೊಸದೇನು ಅಂತ ಹೇಳೋಕೆ ಕಂಪನಿಗಳು ವರ್ಷಕ್ಕೊಮ್ಮೆ ನಡ್ಸೋ ಸಮ್ಮೇಳನ ಇದು. ಗೂಗಲ್‌ದು ಐ/ಒ ಅಂತ, ಮೇ ತಿಂಗಳಲ್ಲಿ, ಆಪಲ್‌ದು ಜೂನಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ 10ಕ್ಕೆ ಕೀನೋಟ್, ಅಂದ್ರೆ ಮೊದಲ ಮುಖ್ಯ ಭಾಷಣ, ಶುರುವಾದ್ರೆ ನಮ್ಗೆ ರಾತ್ರಿ 10:30, ಅಷ್ಟೊತ್ತಿಗೆ ಶಿರಸಿ ಕಡೆ ಹಳ್ಳಿಗಳಲ್ಲಿ ಗಾಳಿ ಮಳೆ ಬಂದು ಕರೆಂಟ್ ಹೋಗಿರತ್ತೆ, ಮೆತ್ತಿನ ಮೇಲೆ ಹತ್ತಿ ನಿಂತ್ರೂ ನೆಟ್‌ವರ್ಕ್ ಒಂದೇ ಕಡ್ಡಿ. ಹಾಗಾಗಿ ಲೈವ್ ನೋಡೋ ಆಸೆ ಬಿಟ್ಬಿಡಿ, ನಿದ್ದೆ ಮಾಡಿ.

ಬೆಳಿಗ್ಗೆ ಎದ್ದು ಮೊದ್ಲು ಒಂದು ಹಾಳೆ ತಗೊಳ್ಳಿ. ನೀವು ದಿನಾ ಮುಟ್ಟೋ ಪ್ರೋಗ್ರಾಮಿಂಗ್ ಭಾಷೆ, ಲೈಬ್ರರಿ (ಬೇರೆಯವ್ರು ಬರೆದಿಟ್ಟ ಸಿದ್ಧ ಕೋಡ್), ನಿಮ್ಮ ಆ್ಯಪ್ ಓಡೋ ಆಂಡ್ರಾಯ್ಡ್ ವರ್ಷನ್ ಎಲ್ಲಾ ಬರ್ಕೊಳ್ಳಿ. ವಿಡಿಯೋ ಆಮೇಲೆ. ಯಾಕಂದ್ರೆ ಕೀನೋಟ್ ಇರೋದು ಎಲ್ಲರಿಗೂ, ನಿಮ್ಮ ಕೆಲಸಕ್ಕೆ ಬೇಕಾದ್ದು ಅದ್ರಲ್ಲಿ ಎರಡು ನಿಮಿಷ ಬಂದು ಹೋಗ್ಬಹುದು. 2017ರ ಐ/ಒ ನೆನಪಿದ್ಯಾ, ಜನ ಕ್ಯಾಮೆರಾ ಹಿಡಿದ್ರೆ ಎದುರಿಗಿರೋದು ಏನಂತ ಹೇಳೋ ಗೂಗಲ್ ಲೆನ್ಸ್ ಬಗ್ಗೆ ಮಾತಾಡಿದ್ರು, ಆದ್ರೆ ಆಂಡ್ರಾಯ್ಡ್ ಬರೆಯೋರ ಬದುಕು ಬದಲಾಯ್ಸಿದ್ದು ಪ್ರೋಗ್ರಾಮಿಂಗ್ ಭಾಷೆ ಕಾಟ್ಲಿನ್‌ಗೆ ಅಧಿಕೃತ ಬೆಂಬಲ ಅಂತ ಅವತ್ತೇ ಹೇಳಿದ ಮಾತು. 2019ರಲ್ಲಿ ಕಾಟ್ಲಿನ್ನೇ ಮೊದ್ಲು ಅಂತಾನೂ ಹೇಳಿದ್ರು.

ಹಾಳೆ ಪಕ್ಕ ಇಟ್ಕೊಂಡು ಸೆಷನ್ ಪಟ್ಟಿ ನೋಡಿ, ಮೂರೇ ಮೂರು ಆರಿಸ್ಕೊಳ್ಳಿ. ಪೇಟೆಗೆ ಹೋದಾಗ 360ಪಿಯಲ್ಲಿ ಇಳಿಸ್ಕೊಂಡ್ರೆ ಸಾಕು, ಕೋಡ್ ಅಕ್ಷರ ಕಾಣದಿದ್ರೆ ಆ ಒಂದನ್ನ ಮಾತ್ರ 720ಕ್ಕೆ ಹಾಕಿ. ಆಪಲ್‌ನ ಡೆವಲಪರ್ ಆ್ಯಪಲ್ಲಿ ವಿಡಿಯೋ ಜೊತೆ ಟ್ರಾನ್ಸ್‌ಕ್ರಿಪ್ಟೂ (ಮಾತಾಡಿದ್ದರ ಬರಹ) ಸಿಗತ್ತೆ, ಯೂಟ್ಯೂಬಲ್ಲಿ ವಿಡಿಯೋ ವಿವರಣೆ ಬಿಚ್ಚಿದ್ರೆ ಕೆಳಗೆ ಇರತ್ತೆ. ಓದೋದೇ ಬೇಗ.

ಈಗ ಮುಖ್ಯ ಕೆಲಸ. ಟ್ರಾನ್ಸ್‌ಕ್ರಿಪ್ಟಲ್ಲಿ, ರಿಲೀಸ್ ನೋಟ್ಸಲ್ಲಿ ಡಿಪ್ರಿಕೇಟೆಡ್ (ಇನ್ಮೇಲೆ ಬಳಸ್ಬೇಡಿ ಅಂತ ಬದಿಗಿಟ್ಟದ್ದು) ಅನ್ನೋ ಪದ ಹುಡುಕಿ, ಆ್ಯಪ್ ನಡ್ಕೊಳ್ಳೋ ರೀತಿ ಎಲ್ಲಿ ಬದಲಾಯ್ತು ಅಂತ ಹೇಳೋ ಬಿಹೇವಿಯರ್ ಚೇಂಜಸ್ ಪುಟ ತಪ್ಪದೇ ಓದಿ. ಹೊಸದು ಬಂದಿದ್ದು ಆರು ತಿಂಗಳು ಬಿಟ್ಟು ಕಲಿತ್ರೂ ನಡಿಯತ್ತೆ, ಇದ್ದದ್ದು ಬದಲಾಗಿದ್ದು ಗೊತ್ತಾಗ್ದಿದ್ರೆ ನಡಿಯಲ್ಲ. ನಾನು ಇಲ್ಲಿನ ಒಬ್ಬ ಅಡಿಕೆ ವ್ಯಾಪಾರಿಗೆ ರಾಶಿ, ಚಾಲಿ, ಬೆಟ್ಟೆ ಅಂತ ತೂಕ ಬರ್ಕೊಳ್ಳೋ ಸಣ್ಣ ಆ್ಯಪ್ ಮಾಡ್ಕೊಟ್ಟಿದ್ದೆ. ಪ್ಲೇ ಸ್ಟೋರ್ ನಿಯಮದಂತೆ 2025ರ ಆಗಸ್ಟ್ 31ರಿಂದ ಅಪ್‌ಡೇಟ್ ಹಾಕೋಕೆ ಆ್ಯಪು ಎಪಿಐ 35ಕ್ಕೆ, ಅಂದ್ರೆ ಆಂಡ್ರಾಯ್ಡ್ 15ರ ಮಟ್ಟಕ್ಕೆ, ಮಾಡಿದ್ದಾಗಿರ್ಬೇಕಿತ್ತು, ನಾನು ಆ ನಂಬರ್ ಒಂದನ್ನ ಬದಲಾಯ್ಸಿ ಕಳ್ಸಿದೆ. ಮಾರನೇ ದಿನ ಅವ್ರ ಫೋನ್, "ತಮಾ, ಸೇವ್ ಬಟನ್ ಒತ್ತೂಲೆ ಆಗ್ತಿಲ್ಲೆ." ಆಂಡ್ರಾಯ್ಡ್ 15ರಲ್ಲಿ ಎಪಿಐ 35ರ ಆ್ಯಪುಗಳು ಸ್ಕ್ರೀನಿನ ಅಂಚಿನ ತನಕ ಹರಡ್ಕೊಳ್ತಾವೆ, ಬಟನ್ ಹೋಗಿ ಕೆಳಗಿನ ನ್ಯಾವಿಗೇಷನ್ ಬಾರ್ ಅಡಿಗೆ ಕೂತಿತ್ತು. ಆ ವಿಷ್ಯ ಗೂಗಲ್‌ನವ್ರು ಹಿಂದಿನ ವರ್ಷವೇ ಹೇಳಿದ್ರು, ನಾನು ಓದಿರ್ಲಿಲ್ಲ. ಕೊಯ್ಲಿನ ಲೆಕ್ಕ ಅದು, ಅವ್ರು ಎರಡು ದಿನ ಕಾಗದದ ಮೇಲೆ ಬರ್ಕೊಂಡ್ರು.

ಇನ್ನೊಂದು, ತೋರಿಸಿದ್ದೆಲ್ಲಾ ಕೈಗೆ ಸಿಕ್ಕಿದ್ದು ಅಲ್ಲ. ಪ್ರತಿ ವಿಷ್ಯದ ಮುಂದೆ ಪ್ರಿವ್ಯೂ (ಬರೀ ಮುನ್ನೋಟ), ಬೀಟಾ (ಇನ್ನೂ ಪರೀಕ್ಷೆಯಲ್ಲಿರೋದು), ಸ್ಟೇಬಲ್ (ಪೂರ್ತಿ ಸಿದ್ಧ ಆಗಿದ್ದು) ಯಾವ್ದು ಅಂತ ಬರೀರಿ. ಆಪಲ್ 2024ರಲ್ಲಿ ತೋರಿಸಿದ ಹೊಸ ಸಿರಿ ಸೌಲಭ್ಯಗಳು ತಡ ಆಗ್ತಾವೆ ಅಂತ 2025ರ ಮಾರ್ಚಲ್ಲಿ ಕಂಪನಿಯೇ ಹೇಳ್ತು. ಗಿರಾಕಿಗೆ ಮಾತು ಕೊಡೋದು ಸ್ಟೇಬಲ್ ಬಂದ ಮೇಲೇ.

ಕೊನೆಗೆ, ಬದಲಾದ ಒಂದನ್ನ ಅವತ್ತೇ ನಿಮ್ಮ ಆ್ಯಪಿನ ಕಾಪಿಯಲ್ಲಿ ಹಾಕಿ ಓಡ್ಸಿ, ಕಂಪ್ಯೂಟರಲ್ಲೇ ಫೋನಿನಂತೆ ಆ್ಯಪ್ ಓಡ್ಸೋ ಎಮ್ಯುಲೇಟರಿನ ಇಮೇಜ್ ಫೈಲ್ ದೊಡ್ಡದು, ಅದನ್ನ ಮಳೆ ಹಿಡಿಯೋಕೆ ಮುಂಚೆನೇ ಇಳಿಸಿಟ್ಕೊಂಡಿರಿ.