ದಿಕ್ಕು ಸರಿ, ಹಣ ನಷ್ಟ: ಬಿಟ್‌ಕಾಯಿನ್ ಆಪ್ಷನ್ ಕೊಳ್ಳುವ ಮುನ್ನ ಮಾಡಬೇಕಾದ ಲೆಕ್ಕ

ಬಿಟ್‌ಕಾಯಿನ್ ಏರುತ್ತದೆ ಎಂದು ಕಾಲ್ ಆಪ್ಷನ್ ಕೊಂಡಿರಿ. ಬೆಲೆ ನಿಜಕ್ಕೂ ಏರಿತು. ಆದರೂ ಹಾಕಿದ ಹಣದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಕರಗಿಹೋಯಿತು. ಕ್ರಿಪ್ಟೊ ಆಪ್ಷನ್‌ಗೆ ಹೊಸದಾಗಿ ಇಳಿದವರಿಂದ ನಾನು ಹೆಚ್ಚು ಕೇಳಿರುವ ದೂರು ಇದು. ಆ್ಯಪ್‌ನವರು ಏನೋ ಮೋಸ ಮಾಡಿದ್ದಾರೆ ಎಂದೇ ಹಲವರು ನಂಬಿರುತ್ತಾರೆ. ಬಹಳಷ್ಟು ಸಲ ಮೋಸ ನಡೆದಿರುವುದಿಲ್ಲ. ತಾವು ಕೊಂಡದ್ದರ ಬೆಲೆಯಲ್ಲಿ ಏನೇನು ಸೇರಿದೆ ಎಂದು ನೋಡದೆ ಕೊಂಡಿರುತ್ತಾರೆ, ಅಷ್ಟೆ. ನನ್ನ ಮೊದಲ ಕಾಲ್ ಕೂಡ ಹೀಗೆಯೇ ಹೋಯಿತು. ಅದಕ್ಕಾಗಿಯೇ ಇಲ್ಲಿ ಯಾವ ಬಟನ್ ಒತ್ತಬೇಕು ಎಂಬುದಕ್ಕಿಂತ ಒತ್ತುವ ಮುಂಚಿನ ಲೆಕ್ಕಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು, ಏನನ್ನು ಕೊಳ್ಳುತ್ತಿದ್ದೀರಿ?

ನಿವೇಶನಕ್ಕೆ ಮುಂಗಡ ಕೊಟ್ಟವರಿಗೆ ಕಾಲ್ ಆಪ್ಷನ್ ಅರ್ಧ ಅರ್ಥವಾದಂತೆಯೇ. ಮೂರು ತಿಂಗಳೊಳಗೆ 40 ಲಕ್ಷ ರೂಪಾಯಿಗೆ ಕ್ರಯ ಮಾಡಿಕೊಡುವುದಾಗಿ ಮಾಲೀಕರು ಕರಾರು ಬರೆದುಕೊಡುತ್ತಾರೆ. ನೀವು ಒಂದು ಲಕ್ಷ ಮುಂಗಡ ಕೊಡುತ್ತೀರಿ. ದರ 50 ಲಕ್ಷ ಮುಟ್ಟಿದರೂ ನಿಮಗೆ 40 ಲಕ್ಷಕ್ಕೇ ಸಿಗಬೇಕು. ದರ ಬಿದ್ದರೆ ಮುಂಗಡದ ಆಸೆ ಬಿಟ್ಟು ಹಿಂದೆ ಸರಿಯಬಹುದು. ಇಲ್ಲಿ 40 ಲಕ್ಷ ಎಂಬುದು ಸ್ಟ್ರೈಕ್ ಬೆಲೆ, ಮೂರು ತಿಂಗಳು ಎಂಬುದು ಎಕ್ಸ್‌ಪೈರಿ, ಮುಂಗಡ ಎಂಬುದು ಪ್ರೀಮಿಯಂ. ಒಂದೇ ವ್ಯತ್ಯಾಸ: ನಿವೇಶನದ ಮುಂಗಡ ಕೊನೆಗೆ ಕ್ರಯದ ಮೊತ್ತದಲ್ಲಿ ವಜಾ ಆಗುತ್ತದೆ. ಆಪ್ಷನ್‌ನ ಪ್ರೀಮಿಯಂ ಹಾಗಲ್ಲ. ಏನೇ ಆದರೂ ಅದು ಮಾರಿದವರದ್ದೇ.

ಪುಟ್ ಆಪ್ಷನ್ ಇದರ ತಿರುಗುಮುರುಗು. ಬೆಲೆ ಎಷ್ಟೇ ಬೀಳಲಿ, ನಿಗದಿಯಾದ ಬೆಲೆಗೆ ಮಾರುವ ಹಕ್ಕು ನಿಮ್ಮದು. ಕೈಯಲ್ಲಿ ಬಿಟ್‌ಕಾಯಿನ್ ಇಟ್ಟುಕೊಂಡಿರುವವರಿಗೆ ಅದು ವಿಮೆ. ಆಪ್ಷನ್‌ಗಳ ಅತ್ಯಂತ ಪ್ರಾಮಾಣಿಕ ಬಳಕೆ ಇದೇ ಎಂಬುದು ನನ್ನ ಅಭಿಪ್ರಾಯ.

ಎರಡನೆಯದು, ಎಲ್ಲಿ ಕೊಳ್ಳುವುದು?

ಈ ವಹಿವಾಟಿನ ದೊಡ್ಡ ಸಂತೆ ಡೆರಿಬಿಟ್. 2016ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಶುರುವಾಗಿ ನಂತರ ಪನಾಮಕ್ಕೆ ಹೋದ ಈ ವಿನಿಮಯ ಕೇಂದ್ರವನ್ನು 2025ರಲ್ಲಿ ಅಮೆರಿಕದ ಕಾಯಿನ್‌ಬೇಸ್ ಸುಮಾರು 290 ಕೋಟಿ ಡಾಲರ್‌ಗೆ ಕೊಂಡಿತು. ಷಿಕಾಗೊದ ವಾಯಿದಾ ವಿನಿಮಯ ಕೇಂದ್ರ ಸಿಎಂಇ 2020ರ ಜನವರಿಯಿಂದ ಬಿಟ್‌ಕಾಯಿನ್ ಆಪ್ಷನ್ ನಡೆಸುತ್ತಿದೆ. ಇವುಗಳ ಬೆಲೆ ನೋಡಿ ಕಲಿಯಲು ಖಾತೆಯೇ ಬೇಕಿಲ್ಲ.

ಹಣ ಹಾಕುವ ಮಾತು ಬೇರೆ. ಆರ್‌ಬಿಐನ ಉದಾರೀಕೃತ ಹಣ ರವಾನೆ ಯೋಜನೆಯಡಿ ವಿದೇಶದ ವಿನಿಮಯ ಕೇಂದ್ರಗಳಿಗೆ ಮಾರ್ಜಿನ್ ಹಣ (ವಹಿವಾಟಿಗೆ ಒತ್ತೆಯಾಗಿ ಇಡುವ ಮೊತ್ತ) ಕಳುಹಿಸಲು ಅವಕಾಶವಿಲ್ಲ. ದೇಶದೊಳಗೆ ಸೇವೆ ಕೊಡುವ ಕ್ರಿಪ್ಟೊ ಸಂಸ್ಥೆಗಳು 2023ರ ಮಾರ್ಚ್‌ನಿಂದ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದಿವೆ. ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಣಿ ಮಾಡಿಸಿರಬೇಕು. ನೋಂದಣಿ ಇಲ್ಲದ ಕಡೆಗೆ ಹೋಗಲೇಬೇಡಿ. ನೋಂದಣಿ ಇದೆ ಎಂದಮಾತ್ರಕ್ಕೆ ನಿಮ್ಮ ಹಣಕ್ಕೆ ಷೇರುಪೇಟೆ ನಿಯಂತ್ರಕ ಸೆಬಿಯ ಕಾವಲಿದೆ ಎಂದೂ ತಿಳಿಯಬೇಡಿ. 2024ರ ಜುಲೈನಲ್ಲಿ ಭಾರತದ ಕ್ರಿಪ್ಟೊ ವಿನಿಮಯ ಕೇಂದ್ರ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊ ಕಳುವಾದಾಗ, ಗ್ರಾಹಕರು ತಮ್ಮ ಕಾಯಿನ್‌ಗಳನ್ನು ಹೊರತೆಗೆಯಲಾಗದೆ ಒಂದು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು. ಹಾಗಾಗಿ ಆ ವಾರದ ವಹಿವಾಟಿಗೆ ಬೇಕಾದಷ್ಟು ಹಣ ಮಾತ್ರ ಅಲ್ಲಿರಲಿ.

ಮೂರನೆಯದು, ಪಟ್ಟಿಯನ್ನು ಓದುವುದು

ಪರದೆಯ ಮೇಲಿನ ಆಪ್ಷನ್ ಚೈನ್ ಕಂಡು ಗಾಬರಿಯಾಗಬೇಡಿ. ನಡುವಿನ ಸಾಲಿನಲ್ಲಿ ಸ್ಟ್ರೈಕ್ ಬೆಲೆಗಳು, ಎಡಕ್ಕೆ ಕಾಲ್, ಬಲಕ್ಕೆ ಪುಟ್. ‘ಬಿಟಿಸಿ-27ಮಾರ್ಚ್26-105000-ಸಿ’ ಎಂದಿದ್ದರೆ, 2026ರ ಮಾರ್ಚ್ 27ಕ್ಕೆ ಮುಗಿಯುವ, 1,05,000 ಡಾಲರ್ ಸ್ಟ್ರೈಕ್‌ನ ಬಿಟ್‌ಕಾಯಿನ್ ಕಾಲ್ ಎಂದರ್ಥ. ಕೊನೆಯ ಅಕ್ಷರ ‘ಪಿ’ ಆಗಿದ್ದರೆ ಪುಟ್.

ಎಲ್ಲರ ಕಣ್ಣೂ ಮೊದಲು ಪ್ರೀಮಿಯಂ ಮೇಲೆ ಹೋಗುತ್ತದೆ. ನೀವು ಅದರ ಪಕ್ಕದ ‘ಐವಿ’ ಎಂಬ ಅಂಕಣವನ್ನು ನೋಡಿ. ಮುಂದಿನ ದಿನಗಳಲ್ಲಿ ಬೆಲೆ ಎಷ್ಟು ಏರಿಳಿಯಬಹುದು ಎಂದು ಪೇಟೆ ಅಂದಾಜಿಸಿದೆಯೋ ಅದನ್ನು ವಾರ್ಷಿಕ ಶೇಕಡಾವಾರಿನಲ್ಲಿ ಹೇಳುವ ಸಂಖ್ಯೆ ಅದು. ಅದನ್ನು ದಿನದ ಲೆಕ್ಕಕ್ಕೆ ಇಳಿಸುವುದು ಸುಲಭ: 19ರಿಂದ ಭಾಗಿಸಿ. ಷೇರುಪೇಟೆಯಲ್ಲಿ ಪಳಗಿದವರು 16ರಿಂದ ಭಾಗಿಸುತ್ತಾರೆ, ಏಕೆಂದರೆ ಅಲ್ಲಿ ವರ್ಷಕ್ಕೆ ಸುಮಾರು 250 ದಿನ ಮಾತ್ರ ವಹಿವಾಟು. ಕ್ರಿಪ್ಟೊಗೆ ಭಾನುವಾರವೂ ಇಲ್ಲ, ಯುಗಾದಿಯೂ ಇಲ್ಲ. 365ರ ವರ್ಗಮೂಲ ಸುಮಾರು 19. ಐವಿ ಶೇ 50 ಇದ್ದರೆ ದಿನಕ್ಕೆ ಶೇ 2.6ರಷ್ಟು ಏರಿಳಿತ ನಿರೀಕ್ಷಿತ. ಬಿಟ್‌ಕಾಯಿನ್ ಒಂದು ಲಕ್ಷ ಡಾಲರ್‌ನಲ್ಲಿದ್ದರೆ ದಿನಕ್ಕೆ 2,600 ಡಾಲರ್. ಅಂದರೆ ಅಷ್ಟು ಚಲನೆಗೆ ನಿಮ್ಮಿಂದ ಆಗಲೇ ಹಣ ವಸೂಲಾಗಿದೆ ಎಂದರ್ಥ.

ನಾಲ್ಕನೆಯದು, ಕಾಗದದ ಮೇಲೆ ನಷ್ಟ ಬರೆಯುವುದು

ಇಲ್ಲಿ ನಿಧಾನವಾಗಿ ಹೋಗೋಣ. ಲೆಕ್ಕದ ಅನುಕೂಲಕ್ಕೆ ಬಿಟ್‌ಕಾಯಿನ್ ಬೆಲೆ 1,00,000 ಡಾಲರ್, ಐವಿ ಶೇ 50, ಎಕ್ಸ್‌ಪೈರಿಗೆ 30 ದಿನ ಎಂದಿಟ್ಟುಕೊಳ್ಳಿ. 1,05,000 ಸ್ಟ್ರೈಕ್‌ನ ಕಾಲ್‌ಗೆ ಆಪ್ಷನ್ ಬೆಲೆ ಕಟ್ಟುವ ಬ್ಲ್ಯಾಕ್–ಷೋಲ್ಸ್ ಸೂತ್ರದ ಪ್ರಕಾರ ಸುಮಾರು 3,700 ಡಾಲರ್ ಪ್ರೀಮಿಯಂ ಆಗುತ್ತದೆ. ನೂರನೇ ಒಂದು ಬಿಟ್‌ಕಾಯಿನ್‌ನಷ್ಟು ಮಾತ್ರ ಕೊಂಡರೆ 37 ಡಾಲರ್. ಕೊನೆಯವರೆಗೆ ಇಟ್ಟುಕೊಂಡರೆ ಅಸಲು ಬರಬೇಕಾದರೂ ಬೆಲೆ 1,08,700 ಡಾಲರ್ ದಾಟಬೇಕು. ಈ ಸಂಖ್ಯೆಯನ್ನು ಕೈಯಾರೆ ಬರೆದಿಡಿ. ತಿಂಗಳೊಳಗೆ ಹೆಚ್ಚುಕಡಿಮೆ ಶೇ 9ರಷ್ಟು ಏರಿಕೆ ಆಗುತ್ತದೆಂದು ನಿಜವಾಗಿಯೂ ಅನ್ನಿಸುತ್ತಿದೆಯೇ ಎಂದು ಅದನ್ನೇ ನೋಡುತ್ತ ಕೇಳಿಕೊಳ್ಳಿ.

ಇನ್ನು 20 ದಿನ ಕಳೆಯಲಿ. ಬೆಲೆ 1,04,000 ಮುಟ್ಟಿದೆ. ನೀವು ಹೇಳಿದ ದಿಕ್ಕಿಗೇ ಹೋಗಿದೆ, ಅದೂ 4,000 ಡಾಲರ್. ಆದರೆ ಏರಿಕೆ ನಿಧಾನವಾಗಿ, ಸದ್ದಿಲ್ಲದೆ ಆದುದರಿಂದ ಪೇಟೆಯ ಆತಂಕ ತಗ್ಗಿ ಐವಿ ಶೇ 40ಕ್ಕೆ ಇಳಿದಿದೆ. ಉಳಿದಿರುವುದು ಹತ್ತು ದಿನ. ಅದೇ ಸೂತ್ರದಲ್ಲಿ ಈಗ ಆ ಕಾಲ್‌ನ ಬೆಲೆ ಸುಮಾರು 2,300 ಡಾಲರ್. 3,700 ಕೊಟ್ಟು ಕೊಂಡದ್ದು 2,300ಕ್ಕೆ ಬಂದಿದೆ! ಏರಿಕೆಯಿಂದ ಬಂದದ್ದನ್ನು ಕಳೆದುಹೋದ 20 ದಿನಗಳು ಮತ್ತು ಇಳಿದ ಐವಿ ಸೇರಿ ತಿಂದುಬಿಟ್ಟವು, ಸಾಲದ್ದಕ್ಕೆ ಅಸಲಿಗೂ ಕೈ ಹಾಕಿದವು. ಆರಂಭದಲ್ಲಿ ಹೇಳಿದ ದೂರಿನ ಉತ್ತರ ಇಷ್ಟೆ.

ಹೀಗಾಗಿ ಆಪ್ಷನ್ ಕೊಳ್ಳುವವರಿಗೆ ಇರುವುದು ಮೂರು ಪ್ರಶ್ನೆಗಳು: ಯಾವ ಕಡೆಗೆ, ಎಷ್ಟು, ಎಷ್ಟು ಬೇಗ. ಮೊದಲನೆಯದಕ್ಕೆ ಮಾತ್ರ ಉತ್ತರ ಹೊಳೆದಿದ್ದರೆ ಆಪ್ಷನ್ ನಿಮ್ಮ ಸರಕಲ್ಲ. ಬಿಟ್‌ಕಾಯಿನ್‌ ಅನ್ನೇ ಸ್ವಲ್ಪ ಕೊಂಡು ಇಟ್ಟುಕೊಳ್ಳುವುದು ಲೇಸು. ಅದಕ್ಕೆ ಗಡುವಿಲ್ಲ. ದೊಡ್ಡ ಸುದ್ದಿಯೊಂದು ಬಂದ ಮರುಗಳಿಗೆ, ಎಲ್ಲರೂ ಮುಗಿಬಿದ್ದು ಐವಿ ಗಗನಕ್ಕೇರಿದಾಗ ಕೊಳ್ಳುವುದಂತೂ ಹಬ್ಬದ ಹಿಂದಿನ ದಿನ ಹೂವು ಕೊಂಡಂತೆ.

ದಿನವೂ ಮುಗಿಯುವ ಆಪ್ಷನ್‌ಗಳಲ್ಲಿ ಈ ಕರಗುವಿಕೆ ಗಂಟೆಗಳ ಲೆಕ್ಕದಲ್ಲಿ ನಡೆಯುತ್ತದೆ. ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತದೆಂದು ಕಾಲೇಜು ಹುಡುಗರು ಅವುಗಳಿಗೇ ಕೈ ಹಾಕುವುದನ್ನು ನೋಡಿದರೆ ಸಂಕಟವಾಗುತ್ತದೆ. ಕಲಿಯುವವರು ಕನಿಷ್ಠ ಒಂದು ತಿಂಗಳಾದರೂ ಬಾಕಿ ಇರುವುದನ್ನು ಆರಿಸಿಕೊಳ್ಳಿ.

ಐದನೆಯದು, ಆರ್ಡರ್ ಹಾಕುವುದು

ಸಿಕ್ಕ ಬೆಲೆಗೆ ಕೊಳ್ಳುವ ಮಾರ್ಕೆಟ್ ಆರ್ಡರ್ ಬೇಡ. ಯಾವಾಗಲೂ ನೀವೇ ಬೆಲೆಯ ಮಿತಿ ಹೇಳುವ ಲಿಮಿಟ್ ಆರ್ಡರ್. ಜನ ಕಡಿಮೆ ಇರುವ ಸ್ಟ್ರೈಕ್‌ಗಳಲ್ಲಿ ಕೊಳ್ಳುವವರು ಕೇಳುವ ಬೆಲೆಗೂ ಮಾರುವವರು ಹೇಳುವ ಬೆಲೆಗೂ ದೊಡ್ಡ ಅಂತರವಿರುತ್ತದೆ. ನಡುವಿನ ಬೆಲೆ ಹಾಕಿ ಕಾಯಿರಿ, ಸಿಗದಿದ್ದರೆ ಬಿಡಿ. ಶುಲ್ಕವನ್ನು ಸಾಮಾನ್ಯವಾಗಿ ಒಪ್ಪಂದದ ಪೂರ್ಣ ಮೌಲ್ಯದ ಮೇಲೆ ಲೆಕ್ಕ ಹಾಕುತ್ತಾರೆಯೇ ಹೊರತು ನೀವು ಕೊಟ್ಟ ಪ್ರೀಮಿಯಂ ಮೇಲಲ್ಲ. ಅಗ್ಗದ ಆಪ್ಷನ್‌ನಲ್ಲಿ ಅದು ಜೋರಾಗಿಯೇ ಕಚ್ಚುತ್ತದೆ. ಪ್ರೀಮಿಯಂ ಪೂರ್ತಿ ಸೊನ್ನೆಯಾದರೂ ಮನೆಯಲ್ಲಿ ಯಾರ ಮುಂದೆಯೂ ಮುಚ್ಚಿಡಬೇಕಾಗದಷ್ಟು ಮೊತ್ತವೇ ನಿಮ್ಮ ಮಿತಿ.

ಮಾರುವುದರ ಬಗ್ಗೆ

ಸಮಯ ಕರಗುವುದರಿಂದ ಕೊಂಡವರಿಗೆ ನಷ್ಟವಾದರೆ, ಮಾರಿದವರಿಗೆ ಅದೇ ಲಾಭವಲ್ಲವೇ? ಹೌದು, ಅದಕ್ಕೇ ಹಲವರು ಆಪ್ಷನ್ ಮಾರಿ ‘ತಿಂಗಳ ಸಂಬಳ’ ಮಾಡಿಕೊಳ್ಳಬಹುದು ಎನ್ನುತ್ತಾರೆ. ಆದರೆ 2020ರ ಮಾರ್ಚ್ 12 ಮತ್ತು 13ರಂದು ಬಿಟ್‌ಕಾಯಿನ್ ಸುಮಾರು 8,000 ಡಾಲರ್‌ನಿಂದ 4,000ಕ್ಕಿಂತ ಕೆಳಗೆ ಕುಸಿದಿತ್ತು. 2025ರ ಅಕ್ಟೋಬರ್ 10ರಂದು ಒಂದೇ ದಿನದಲ್ಲಿ ಸುಮಾರು 1,900 ಕೋಟಿ ಡಾಲರ್ ಮೌಲ್ಯದ, ಸಾಲದ ಬಲದ ಮೇಲೆ ನಡೆಸಿದ ವಹಿವಾಟುಗಳನ್ನು ವಿನಿಮಯ ಕೇಂದ್ರಗಳೇ ಬಲವಂತವಾಗಿ ಮುಚ್ಚಿದವು. ಕೊಂಡವರ ನಷ್ಟಕ್ಕೆ ಪ್ರೀಮಿಯಂ ಎಂಬ ಗಡಿಯಿದೆ. ಮಾರಿದವರಿಗೆ ಆ ಗಡಿ ಇಲ್ಲ. ಬಿಟ್‌ಕಾಯಿನ್‌ ಅನ್ನೇ ಮಾರ್ಜಿನ್ ಆಗಿ ಇಟ್ಟು ಪುಟ್ ಮಾರಿದವರ ಪಾಡು ಇನ್ನೂ ಕಷ್ಟ: ಬೆಲೆ ಬಿದ್ದಂತೆ ಒಂದೆಡೆ ನಷ್ಟ ಬೆಳೆಯುತ್ತದೆ, ಇನ್ನೊಂದೆಡೆ ಒತ್ತೆ ಇಟ್ಟದ್ದರ ಮೌಲ್ಯವೂ ಕುಗ್ಗುತ್ತದೆ. ಮೊದಲ ವರ್ಷ ಮಾರುವ ಗೋಜಿಗೆ ಹೋಗಬೇಡಿ. ನಿಯಮಗಳೂ ಕಾವಲೂ ಇರುವ ನಮ್ಮ ಷೇರು ವಾಯಿದಾ ವಹಿವಾಟಿನಲ್ಲೇ 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಶೇ 93ರಷ್ಟು ವೈಯಕ್ತಿಕ ವಹಿವಾಟುದಾರರು ನಷ್ಟ ಅನುಭವಿಸಿದ್ದಾರೆಂದು ಸೆಬಿಯ ಅಧ್ಯಯನ ಹೇಳಿದೆ.

ಆರನೆಯದು, ಹೊರಬರುವುದು ಮತ್ತು ತೆರಿಗೆ

ಡೆರಿಬಿಟ್‌ನ ಆಪ್ಷನ್‌ಗಳು ಯುರೋಪಿಯನ್ ಮಾದರಿಯವು. ಹಕ್ಕು ಚಲಾವಣೆಯಾಗುವುದು ಕೊನೆಯ ದಿನ ಮಾತ್ರ. ಆದರೆ ಅದಕ್ಕೂ ಮುನ್ನ ಯಾವಾಗ ಬೇಕಾದರೂ ಬೇರೆಯವರಿಗೆ ಮಾರಿ ಕಳಚಿಕೊಳ್ಳಬಹುದು. ತಿಂಗಳ ಆಪ್ಷನ್ ಮುಗಿಯುವುದು ಕೊನೆಯ ಶುಕ್ರವಾರ, ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 1.30ಕ್ಕೆ. ಅಂತಿಮ ಬೆಲೆ ಆ ಕ್ಷಣದ್ದಲ್ಲ, ಅದಕ್ಕೆ ಹಿಂದಿನ ಅರ್ಧ ಗಂಟೆಯ ಸರಾಸರಿ. ಹೀಗಾಗಿ 1.28ಕ್ಕೆ ಬೆಲೆ ಚಂಗನೆ ನೆಗೆದರೂ ಹೆಚ್ಚು ಪ್ರಯೋಜನವಾಗದು. ನಾನಂತೂ ಅಷ್ಟರವರೆಗೆ ಇಟ್ಟುಕೊಳ್ಳುವುದಿಲ್ಲ. ಹತ್ತು ದಿನ ಬಾಕಿ ಇರುವಾಗಲೇ, ಲಾಭವಿರಲಿ ನಷ್ಟವಿರಲಿ, ಮಾರಿಬಿಡುತ್ತೇನೆ. ಕರಗುವ ವೇಗ ಹೆಚ್ಚುವುದು ಆಮೇಲೆಯೇ.

ತೆರಿಗೆಯನ್ನು ಕೊನೆಗೆ ಬರೆದಿದ್ದರೂ ಮೊದಲೇ ವಿಚಾರಿಸಬೇಕು. ವರ್ಚುವಲ್ ಡಿಜಿಟಲ್ ಆಸ್ತಿಯ ಲಾಭಕ್ಕೆ 2022ರ ಏಪ್ರಿಲ್‌ನಿಂದ ಶೇ 30 ತೆರಿಗೆ ಮತ್ತು ಅದರ ಮೇಲೆ ಸೆಸ್ ಇದೆ. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಅದೇ ವರ್ಷದ ಜುಲೈನಿಂದ ವರ್ಗಾವಣೆಗಳ ಮೇಲೆ ಶೇ 1ರ ಟಿಡಿಎಸ್ ಕೂಡ ಜಾರಿಯಲ್ಲಿದೆ. ಕ್ರಿಪ್ಟೊ ಮೇಲಿನ ಆಪ್ಷನ್ ಸಹ ಇದೇ ವರ್ಗಕ್ಕೆ ಸೇರುತ್ತದೆಯೇ ಅಥವಾ ವ್ಯಾಪಾರದ ಆದಾಯವೇ ಎಂಬ ಬಗ್ಗೆ ಲೆಕ್ಕಪರಿಶೋಧಕರಲ್ಲೇ ಎರಡು ಅಭಿಪ್ರಾಯಗಳಿವೆ. ನಷ್ಟವನ್ನು ಕಳೆಯಬಹುದೇ ಇಲ್ಲವೇ ಎಂಬುದರ ಮೇಲೆ ಇಡೀ ಲೆಕ್ಕವೇ ಬದಲಾಗುವುದರಿಂದ, ಮೊದಲ ಆರ್ಡರ್‌ಗೆ ಮುನ್ನವೇ ನಿಮ್ಮ ಆಡಿಟರ್‌ ಅಭಿಪ್ರಾಯವನ್ನು ಬರಹದಲ್ಲಿ ಪಡೆದುಕೊಳ್ಳಿ. ವಹಿವಾಟಿನ ವಿವರ ಪಟ್ಟಿಯನ್ನು ಪ್ರತಿ ತಿಂಗಳೂ ಇಳಿಸಿಕೊಂಡು ಸ್ವಂತ ಕಂಪ್ಯೂಟರ್‌ನಲ್ಲಿ ಇಟ್ಟುಕೊಳ್ಳಿ, ಪಕ್ಕದಲ್ಲಿ ಕೊಂಡ ದಿನದ ಐವಿ ಮತ್ತು ಮಾರಿದ ದಿನದ ಐವಿ ಎರಡನ್ನೂ ಬರೆದು.