“ಚೆನ್ನಾಗಿತ್ತು ಮೇಡಂ” ಅಂದರೆ ಸಾಲದು

ಫುಟ್‌ಬಾಲ್ ರೆಫರಿಯಾದ ಮೊದಲ ಎರಡು ವರ್ಷ ಪಂದ್ಯ ಮುಗಿದ ಮೇಲೆ ನನಗೆ ಸಿಗುತ್ತಿದ್ದದ್ದು ಒಂದೇ ಮಾತು. “ಚೆನ್ನಾಗಿತ್ತು ಮೇಡಂ.” ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದರು. ನನಗೂ ಖುಷಿಯಾಗುತ್ತಿತ್ತು. ಆದರೆ ನನ್ನ ಜೊತೆಗೇ ಕೋರ್ಸ್ ಮುಗಿಸಿದ ಹುಡುಗರು ಮೇಲಿನ ಹಂತದ ಪಂದ್ಯಗಳಿಗೆ ಹೋದರು, ನಾನು ಇದ್ದಲ್ಲೇ ಇದ್ದೆ. ಯಾಕೆ ಅಂತ ಗಮನಿಸುತ್ತಾ ಹೋದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ರೆಫರಿಯ ಕೆಲಸ ನೋಡಿ ತಪ್ಪು-ಒಪ್ಪು ಹೇಳುವ ಅಬ್ಸರ್ವರ್ ಆ ಹುಡುಗರನ್ನು ಅರ್ಧ ಗಂಟೆ ನಿಲ್ಲಿಸಿಕೊಂಡು ಒಂದೊಂದೇ ತಪ್ಪು ಹಿಡಿದು ಬೈಯುತ್ತಿದ್ದರು. ನನಗೆ ಮಾತ್ರ ಎರಡು ನಿಮಿಷದ ಹೊಗಳಿಕೆ. ತಪ್ಪೇ ಗೊತ್ತಾಗದಿದ್ದರೆ ತಿದ್ದಿಕೊಳ್ಳುವುದು ಹೇಗೆ?

ಹಾಗಾಗಿ ಕೇಳುವ ರೀತಿಯನ್ನೇ ಬದಲಾಯಿಸಿದೆ. “ಹೇಗಿತ್ತು ಸರ್?” ಅಂತ ಕೇಳುವುದನ್ನು ಬಿಟ್ಟೆ. ಹಾಗೆ ಕೇಳಿದರೆ “ಚೆನ್ನಾಗಿತ್ತು” ಅನ್ನೋದೇ ಉತ್ತರ. ಪಂದ್ಯ ಮುಗಿದ ತಕ್ಷಣ, ಬೂಟು ಬಿಚ್ಚುವ ಮೊದಲೇ, ಒಂದು ಸಣ್ಣ ಪುಸ್ತಕದಲ್ಲಿ ಪಂದ್ಯದಲ್ಲಿ ನನಗೆ ಅನುಮಾನ ಬಂದ ಮೂರು ನಿಮಿಷಗಳನ್ನು ಬರೆಯಲು ಶುರು ಮಾಡಿದೆ. ನನಗೇ ಸರಿಯಾಗಿ ಕಾಣದ ಫೌಲ್, ತಡವಾಗಿ ಊದಿದ ಸೀಟಿ, ಕೊಡಲೋ ಬೇಡವೋ ಅಂತ ಕೈ ತಡೆದ ಕಾರ್ಡ್. ಆ ಪುಟ ತೋರಿಸಿ ಅಬ್ಸರ್ವರ್‌ಗೆ ಕೇಳುತ್ತಿದ್ದೆ: “63ನೇ ನಿಮಿಷದಲ್ಲಿ ನಾನು ಎಲ್ಲಿರಬೇಕಿತ್ತು ಸರ್?”

ಮೊದಲ ಸಲ ಹಾಗೆ ಕೇಳಿದಾಗ ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ನೆಲದ ಮೇಲೆ ಎರಡು ನೀರಿನ ಬಾಟಲಿ ಇಟ್ಟರು. ಒಂದು ಫಾರ್ವರ್ಡ್, ಇನ್ನೊಂದು ಡಿಫೆಂಡರ್. ನನ್ನನ್ನು ಡಿಫೆಂಡರ್ ಬಾಟಲಿಯ ನೇರ ಹಿಂದೆ ನಿಲ್ಲಿಸಿ, “ಈಗ ಇಬ್ಬರ ನಡುವಿನ ಜಾಗ ಕಾಣಿಸ್ತದಾ?” ಅಂದರು. ಕಾಣಿಸಲಿಲ್ಲ. ನಾನು ಚೆಂಡಿನ ಹಿಂದೆ ಹಿಂದೆಯೇ ಓಡಿ ಡಿಫೆಂಡರ್‌ನ ಬೆನ್ನಿಗೆ ಅಂಟಿಕೊಂಡಿದ್ದೆ. ಕಾಲು ಚೆಂಡಿಗೆ ತಾಗಿತೋ ಎದುರಾಳಿಯ ಹಿಮ್ಮಡಿಗೆ ತಾಗಿತೋ ನನಗೆ ಕಾಣುವ ದಾರಿಯೇ ಇರಲಿಲ್ಲ. ಕೊಡಬೇಕಿದ್ದ ಪೆನಾಲ್ಟಿ ತಪ್ಪಿಹೋಗಿತ್ತು. “ನೀನು ಹತ್ತಿರ ಇದ್ದೆ ನಿಜ. ಆದರೆ ಮೂರು ಹೆಜ್ಜೆ ಎಡಕ್ಕೆ ಹೋಗಿದ್ದರೆ ನೋಡುತ್ತಿದ್ದೆ” ಅಂದರು. ಆ ಎರಡು ಬಾಟಲಿ ಕಲಿಸಿದ್ದನ್ನು ಎರಡು ವರ್ಷದ ಹೊಗಳಿಕೆ ಕಲಿಸಿರಲಿಲ್ಲ.

ಫಿಟ್‌ನೆಸ್ ಬಗ್ಗೆಯೂ ಹೇಳಲೇಬೇಕು. ಮೇಲಿನ ಹಂತದಲ್ಲಿ ಗಂಡಸರ ಪಂದ್ಯ ಆಡಿಸಬೇಕೆಂದರೆ ಗಂಡಸರ ಟೆಸ್ಟನ್ನೇ ಪಾಸಾಗಬೇಕು. ಫಿಫಾ ಟೆಸ್ಟ್‌ನಲ್ಲಿ ಮೊದಲು 40 ಮೀಟರ್ ಓಟ, ಆರು ಸಲ. ಹೆಂಗಸರಿಗೆ ಪ್ರತಿ ಓಟಕ್ಕೆ 6.4 ಸೆಕೆಂಡ್, ಗಂಡಸರಿಗೆ 6.0. ಆಮೇಲೆ 75 ಮೀಟರ್ ಓಟ, 25 ಮೀಟರ್ ನಡಿಗೆ. ಹೀಗೆ 40 ಸಲ, ಒಟ್ಟು 4000 ಮೀಟರ್. ಹೆಂಗಸರಿಗೆ ಓಡಲು 17 ಸೆಕೆಂಡ್, ನಡೆಯಲು 20. ಗಂಡಸರಿಗೆ 15 ಮತ್ತು 18. ಎರಡೇ ಸೆಕೆಂಡ್ ವ್ಯತ್ಯಾಸ ಅನ್ನಿಸಬಹುದು. 30ನೇ ಓಟದ ಹೊತ್ತಿಗೆ ಆ ಎರಡು ಸೆಕೆಂಡ್ ಎಷ್ಟು ದೊಡ್ಡದು ಅಂತ ಕಾಲಿಗೆ ಗೊತ್ತಾಗುತ್ತದೆ.

ಮೊದಲ ಸಲ ನಾನು ಫೇಲಾದೆ. 34ನೇ ಓಟದಲ್ಲಿ ಸಮಯ ಮುಗಿಯಿತು ಅನ್ನುವ ಬೀಪ್ ಬಂದಾಗ ಗೆರೆ ಇನ್ನೂ ಎರಡು ಹೆಜ್ಜೆ ಮುಂದಿತ್ತು. ಅಳು ಬಂತು. ಗೆಳತಿ ತೆಗೆದ ವಿಡಿಯೋ ನೋಡಿದಾಗ ಕಾರಣ ತಿಳಿಯಿತು. ಹೆದರಿಕೆಯಲ್ಲಿ ಮೊದಲ ಹತ್ತು ಓಟಗಳನ್ನು 13 ಸೆಕೆಂಡಿಗೇ ಮುಗಿಸಿ ಗೆರೆಯ ಹತ್ತಿರ ಕಾಯುತ್ತಾ ನಿಂತಿದ್ದೆ. ಶಕ್ತಿಯೆಲ್ಲ ಅಲ್ಲೇ ಖಾಲಿ. ಅಲ್ಲಿಯವರೆಗೆ ದಿನಾ ನಿಧಾನವಾಗಿ ದೂರ ಓಡುವುದೇ ನನ್ನ ಅಭ್ಯಾಸವಾಗಿತ್ತು. ಅದನ್ನು ಕಡಿಮೆ ಮಾಡಿ, ವಾರಕ್ಕೆ ಎರಡು ದಿನ ಬೀಪ್ ಹಾಕಿಕೊಂಡು ಇದೇ 75–25 ಲೆಕ್ಕ, ಒಂದು ದಿನ ಬರೀ ಸ್ಪ್ರಿಂಟ್, ಒಂದು ದಿನ ತೊಡೆಯ ಹಿಂಭಾಗಕ್ಕೆ ಬಲ ಬರುವ ವ್ಯಾಯಾಮ. ಬೀಪ್ ಬರುವ ಹೊತ್ತಿಗೆ ಸರಿಯಾಗಿ ಗೆರೆ ಮುಟ್ಟುವುದು, ಅದಕ್ಕಿಂತ ಮೊದಲೂ ಅಲ್ಲ. ಐದು ತಿಂಗಳ ಮೇಲೆ ಪಾಸಾದೆ.

ಇನ್ನೊಂದು ತೊಂದರೆ ಯಾರ ಕಣ್ಣಿಗೂ ಬೀಳದಂಥದ್ದು. ಪಂದ್ಯಕ್ಕೆ ಮೊದಲು ರೆಫರಿ, ಗೆರೆಯ ಪಕ್ಕ ಫ್ಲ್ಯಾಗ್ ಹಿಡಿಯುವ ಇಬ್ಬರು ಅಸಿಸ್ಟೆಂಟ್, ಇನ್ನೊಬ್ಬರು, ಹೀಗೆ ನಾಲ್ವರು ಅಧಿಕಾರಿಗಳು ಕೂತು ಮಾತಾಡಿಕೊಳ್ಳುತ್ತಾರೆ. ಪೆನಾಲ್ಟಿ ಏರಿಯಾ ಹತ್ತಿರದ ಫೌಲ್ ಯಾರು ನೋಡಬೇಕು, ಯಾವಾಗ ಫ್ಲ್ಯಾಗ್ ತಡೆದು ಎತ್ತಬೇಕು, ಜಗಳವಾದರೆ ಯಾರು ಎಲ್ಲಿ ನಿಲ್ಲಬೇಕು. ಈ ಮಾತೆಲ್ಲ ಗಂಡಸರು ಬಟ್ಟೆ ಬದಲಾಯಿಸುವ ಕೋಣೆಯಲ್ಲೇ ಆಗಿಹೋಗುತ್ತಿತ್ತು. ನಾನು ಬೇರೆ ಕಡೆ, ಒಮ್ಮೊಮ್ಮೆ ಸಾಮಾನು ಇಡುವ ಕೋಣೆಯಲ್ಲಿ, ತಯಾರಾಗಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ನಾನು ಅಸಿಸ್ಟೆಂಟ್ ಆಗಿದ್ದ ಒಂದು ಪಂದ್ಯದಲ್ಲಿ ನಾನು ಫ್ಲ್ಯಾಗ್ ಎತ್ತಿದ ಫೌಲನ್ನು ರೆಫರಿ ಬಿಟ್ಟುಬಿಟ್ಟರು. “ಅದು ನನ್ನದು ಅಂತ ಒಳಗೇ ಹೇಳಿದ್ದೆನಲ್ಲ” ಅಂದರು. ಆ ‘ಒಳಗೆ’ ನಾನು ಇರಲೇ ಇಲ್ಲ! ಅಂದಿನಿಂದ ಪ್ರತಿ ಪಂದ್ಯದ ಹಿಂದಿನ ದಿನವೇ ಫೋನ್ ಮಾಡಿ, “ಮಾತುಕತೆ ಮೈದಾನದ ಮಧ್ಯೆ ನಿಂತು ಮಾಡೋಣ, ನೆಲವನ್ನೂ ನೋಡಿದ ಹಾಗಾಗುತ್ತದೆ” ಅಂತ ಕೇಳುತ್ತೇನೆ. ಯಾರೂ ಇಲ್ಲ ಅಂದಿಲ್ಲ.

ಸೀಟಿಯೋ ಫ್ಲ್ಯಾಗೋ, ಅಂದರೆ ರೆಫರಿಯಾಗುವುದೋ ಅಸಿಸ್ಟೆಂಟ್ ಆಗುವುದೋ ಅನ್ನುವ ಪ್ರಶ್ನೆ ಎಲ್ಲರಿಗೂ ಬರುತ್ತದೆ. ಹುಡುಗಿಯರಿಗೆ “ಲೈನ್ ಚೆನ್ನಾಗಿ ಮಾಡ್ತೀಯ, ಅದರಲ್ಲೇ ಇರು” ಅನ್ನುವ ಸಲಹೆ ಸ್ವಲ್ಪ ಜಾಸ್ತಿಯೇ ಸಿಗುತ್ತದೆ ಅಂತ ನನ್ನ ಅನಿಸಿಕೆ. ಅಸಿಸ್ಟೆಂಟ್ ಕೆಲಸ ಖಂಡಿತ ಕಡಿಮೆಯದಲ್ಲ. 2022ರ ಡಿಸೆಂಬರ್ 1ರಂದು ಫ್ರಾನ್ಸಿನ ರೆಫರಿ ಸ್ಟೆಫನಿ ಫ್ರಾಪಾರ್ ಪುರುಷರ ವಿಶ್ವಕಪ್‌ನಲ್ಲಿ ಕೋಸ್ಟರಿಕಾ–ಜರ್ಮನಿ ಪಂದ್ಯ ಆಡಿಸಿದಾಗ ಎರಡೂ ಲೈನ್‌ನಲ್ಲಿದ್ದ ನೆಯುಜಾ ಬ್ಯಾಕ್, ಕರೆನ್ ಡಿಯಾಜ್ ಕೂಡ ಹೆಂಗಸರೇ. ಆದರೆ ಆಯ್ಕೆ ನಮ್ಮದಾಗಿರಬೇಕು ಅಲ್ವಾ? ನನಗೆ ಸೀಟಿಯೇ ಬೇಕಿತ್ತು. ಹಾಗಾಗಿ ಯಾರೂ ಒಪ್ಪದ, ಗಲಾಟೆಯ ಹುಡುಗರ ಪಂದ್ಯಗಳನ್ನು ನಾನೇ ಕೇಳಿ ತೆಗೆದುಕೊಂಡೆ. ಕ್ಯಾಪ್ಟನ್‌ನನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಮಾತಾಡುವುದನ್ನು ಕಲಿತದ್ದು ಅಲ್ಲೇ. ಬೇಸರವಾದಾಗ ಜರ್ಮನಿಯ ರೆಫರಿ ಬಿಬಿಯಾನಾ ಸ್ಟೈನ್‌ಹೌಸ್ ನೆನಪಾಗುತ್ತಿದ್ದರು. 2007ರಿಂದ ಜರ್ಮನಿಯ ಎರಡನೇ ದರ್ಜೆಯ ಲೀಗ್‌ನಲ್ಲಿ ಸೀಟಿ ಊದಿದ ಅವರಿಗೆ ಮೊದಲ ದರ್ಜೆಯ ಲೀಗ್ ಆದ ಬುಂಡೆಸ್‌ಲೀಗಾ ಪಂದ್ಯ ಸಿಕ್ಕಿದ್ದು 2017ರ ಸೆಪ್ಟೆಂಬರ್‌ನಲ್ಲಿ. ಹತ್ತು ವರ್ಷ!

ಈಗ ನಾನೂ ಆಗಾಗ ಅಬ್ಸರ್ವರ್ ಆಗಿ ಹೋಗುತ್ತೇನೆ. ಮೊನ್ನೆ ಒಬ್ಬಳು ಹುಡುಗಿ ಪಂದ್ಯ ಮುಗಿಸಿ ಓಡಿಬಂದು “ಹೇಗಿತ್ತು ಮೇಡಂ?” ಅಂದಳು. ಬಾಯಿಗೆ “ಚೆನ್ನಾಗಿತ್ತಮ್ಮ” ಅಂತಲೇ ಬಂದಿತ್ತು. ತಡೆದುಕೊಂಡೆ. “27ನೇ ನಿಮಿಷ ನೆನಪಿದೆಯಾ? ಬಾ, ಎಲ್ಲಿ ನಿಂತಿದ್ದೆ ತೋರಿಸು” ಅಂದೆ. ಇಬ್ಬರೂ ಮತ್ತೆ ಮೈದಾನಕ್ಕೆ ಇಳಿದೆವು. ಕೈಯಲ್ಲಿ ಎರಡು ಬಾಟಲಿ ಇತ್ತು.